ಹೊಗೆಯೂ ವಂಶವಾಹಿಯೂ

ಬೀಡಿಯ ಕೇಡನ್ನು ಕುರಿತು ಯಾರಾದರೂ ಮಾತೆತ್ತಿದರೆ, ತದಡಿಯ ಬಂದರಿನಲ್ಲಾಗಲಿ ಭಟ್ಕಳದ ಪೇಟೆಯಲ್ಲಾಗಲಿ, ತೊಂಬತ್ತರವರೆಗೂ ಬೀಡಿ ಸೇದಿ ಗಟ್ಟಿಮುಟ್ಟಾಗಿ ಬಾಳಿದ ಅಜ್ಜನೊಬ್ಬನ ಹೆಸರು ಉತ್ತರವಾಗಿ ಬರುವುದುಂಟು. ಅಜ್ಞಾನವೆಂದು ಅದನ್ನು ತಳ್ಳಿಬಿಡುವುದು ಉಚಿತವಲ್ಲ. ಏಕೆಂದರೆ ಒಂದೇ ಹೊಗೆ ಎಲ್ಲ ದೇಹಗಳನ್ನೂ ಸಮನಾಗಿ ಏಕೆ ಕೆಡಿಸದೆಂಬ ಆ ಪ್ರಶ್ನೆಯೇ ವಿಜ್ಞಾನಿಗಳನ್ನೂ ಅರ್ಧ ಶತಮಾನದಿಂದ ದುಡಿಸಿದೆ.

1933ರಲ್ಲಿ ಲಂಡನ್ನಿನ ಸಂಶೋಧಕರು ಕಲ್ಲಿದ್ದಲಿನ ಡಾಂಬರಿನಿಂದ ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕ ದ್ರವ್ಯವನ್ನು ಬೇರ್ಪಡಿಸಿದರು. ತಂಬಾಕಿನ ಹೊಗೆಯಲ್ಲಿಯೂ ಅದುಂಟು. ಡಾಲ್ ಮತ್ತು ಹಿಲ್ ಎಂಬವರು 1950ರಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರೋಗಿಗಳ ಲೆಕ್ಕದಿಂದ ಸ್ಥಾಪಿಸಿದರು; 1964ರಲ್ಲಿ ಬ್ರೂಕ್ಸ್ ಮತ್ತು ಲಾಲಿ ಎಂಬವರು ಇಂಥ ದ್ರವ್ಯಗಳು ಡಿಎನ್ಎಗೆ ಅಂಟಿಕೊಳ್ಳುವುದನ್ನು ಇಲಿಯ ಚರ್ಮದಲ್ಲಿ ಕಂಡರು. ಆದರೆ ಬೆಂಜೊಪೈರೀನ್ ತಾನಾಗಿ ಅಂಟುವುದಿಲ್ಲ; ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲೆಂದು ದೇಹದ ಕಿಣ್ವಗಳು ನಡೆಸುವ ಪ್ರಯತ್ನದಲ್ಲಿಯೇ ಅದು ತೀಕ್ಷ್ಣವಾದ ರೂಪವನ್ನು ತಾಳುತ್ತದೆಂಬುದು 1974ರಲ್ಲಿ ಸಿಮ್ಸ್ ಮತ್ತು ಸಂಗಡಿಗರಿಂದ ತಿಳಿದುಬಂದಿತು. ರಕ್ಷಣೆಯ ವ್ಯವಸ್ಥೆಯೇ ವಿಷವನ್ನು ಹರಿತಗೊಳಿಸುವುದೆಂಬ ಈ ಸಂಗತಿಯು ನನ್ನ ಮಟ್ಟಿಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಗಂಭೀರವಾದುದು. 1996ರಲ್ಲಿ ಡೆನಿಸೆಂಕೊ, ಫೈಫರ್ ಮೊದಲಾದವರು, ಪಿ53 ಎಂಬ ಕಾವಲು ವಂಶವಾಹಿಯಲ್ಲಿ ಆ ವಿಷವು ಅಂಟುವ ಸ್ಥಾನಗಳೂ ಶ್ವಾಸಕೋಶದ ಗಂತಿಗಳಲ್ಲಿ ಕೆಟ್ಟಿರುವ ಸ್ಥಾನಗಳೂ ಒಂದೇ ಎಂದು ತೋರಿಸಿದರು.

ಕಿಣ್ವಗಳು ವಂಶವಾಹಿಗಳ ಅಪ್ಪಣೆಯಂತೆ ಹುಟ್ಟುವುದರಿಂದ, ಆ ಅಪ್ಪಣೆಯಲ್ಲಿ ಭೇದವಿದ್ದರೆ ಗಾಯದಲ್ಲಿಯೂ ಭೇದವಿರಬೇಕು. 1973ರಲ್ಲಿಯೇ ಹ್ಯೂಸ್ಟನ್ನಿನ ಕೆಲ್ಲರ್‌ಮನ್ ಮತ್ತು ಸಂಗಡಿಗರು, ಹೊಗೆಯ ದ್ರವ್ಯಗಳನ್ನು ಚುರುಕಾಗಿ ಮಾರ್ಪಡಿಸುವ ಕಿಣ್ವವುಳ್ಳವರು ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚೆಂದು ವರದಿ ಮಾಡಿದರು. ಇತರರ ಕೈಯಲ್ಲಿ ಆ ಫಲಿತಾಂಶವು ಸ್ಥಿರವಾಗಿ ನಿಲ್ಲಲಿಲ್ಲ. 1986ರಲ್ಲಿ ಸೀಡೆಗಾರ್ಡ್ ಮತ್ತು ಸಂಗಡಿಗರು ಜಿಎಸ್‌ಟಿಎಂ1 ಎಂಬ ವಿಷಹಾರಿ ಕಿಣ್ವದ ಕೊರತೆಯತ್ತ ಗಮನ ಸೆಳೆದರು. ಯೂರೋಪಿಯನ್ನರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಕಿಣ್ವದ ವಂಶವಾಹಿಯ ಎರಡು ಪ್ರತಿಗಳೂ ಇಲ್ಲ. ಆದರೂ ಇದರಿಂದ ಏರುವ ಅಪಾಯ ಅಲ್ಪವೇ ಎಂದು ದೊಡ್ಡ ಅಧ್ಯಯನಗಳು ಹೇಳಿದುವು. ಅಜ್ಜ ಉಳಿದನೆಂದು ಮೊಮ್ಮಗನು ಧೈರ್ಯಗೊಳ್ಳುವಂತೆಯೂ ಇಲ್ಲ; ಅಜ್ಜನ ವಂಶವಾಹಿಗಳಲ್ಲಿ ಸರಾಸರಿ ಕಾಲುಭಾಗ ಮಾತ್ರವೇ ಮೊಮ್ಮಗನಿಗೆ ಬರುವುದೆಂಬುದನ್ನು ಇಲ್ಲಿ ನೆನೆಯಬೇಕು. 2008ರಲ್ಲಿ ಮೂರು ತಂಡಗಳು ಹದಿನೈದನೆಯ ವರ್ಣತಂತುವಿನಲ್ಲಿ ಕಂಡ ಭೇದವಾದರೋ ನಿಕೋಟಿನ್ ಗ್ರಾಹಕಗಳಿಗೆ ಸೇರಿದ್ದು; ಅದು ಮನುಷ್ಯನು ಎಷ್ಟು ಸೇದುವನೆಂಬುದರ ಮೇಲೂ ಪ್ರಭಾವ ಬೀರುತ್ತದೆ.

ಅಂಟಿದ ವಿಷವನ್ನು ಕತ್ತರಿಸಿ, ಹರಿದ ಬಲೆಯನ್ನು ಮೀನುಗಾರನು ಹೆಣೆಯುವಂತೆ ಡಿಎನ್ಎಯನ್ನು ಸರಿಪಡಿಸುವ ಶಕ್ತಿಯೂ ಎಲ್ಲರಲ್ಲಿ ಒಂದೇ ಸಮನಲ್ಲ. ನ್ಯೂಯಾರ್ಕಿನ ಸಂಶೋಧಕರು 2022ರಲ್ಲಿ ಶ್ವಾಸನಾಳದ ಜೀವಕೋಶಗಳನ್ನು ಒಂದೊಂದಾಗಿ ಓದಿ, ದಿನಕ್ಕೊಂದು ಪ್ಯಾಕಿನಂತೆ ಸುಮಾರು 23 ವರ್ಷ ಸೇದಿದಷ್ಟಾಗುವವರೆಗೆ ಉತ್ಪರಿವರ್ತನೆಗಳು ಏರಿ, ಆಮೇಲೆ ಏರಿಕೆ ನಿಲ್ಲುವುದನ್ನು ಕಂಡರು. ಅತಿಯಾಗಿ ಸೇದಿಯೂ ಉಳಿದವರಲ್ಲಿ ದುರಸ್ತಿಯ ಇಲ್ಲವೆ ವಿಷಹರಣದ ಸಾಮರ್ಥ್ಯ ಬಲವಾಗಿರಬಹುದೆಂದು ಊಹಿಸಿದರು. ಆದರೆ ಸೇದುವವರಲ್ಲಿ ಉತ್ಪರಿವರ್ತನೆಗಳು ಸೇದದವರಿಗಿಂತ ಹೆಚ್ಚೆಂಬುದು ಅಲ್ಲಿಯೂ ಕಂಡಿತು; ಉಳಿದವನು ಗಾಯವಿಲ್ಲದವನಲ್ಲ.

ಭಾರತದ ಲೆಕ್ಕವೇ ಬೇರೆ. ಬೀಡಿಯಲ್ಲಿ ಸಿಗರೇಟಿನ ಸುಮಾರು ಕಾಲುಭಾಗ ತಂಬಾಕಿದ್ದರೂ, ಅದನ್ನು ಸೇದುವ ಗಂಡಸರು ಸರಾಸರಿ ಆರು ವರ್ಷ ಆಯುಸ್ಸನ್ನು ಕಳೆದುಕೊಳ್ಳುವರೆಂದು ಪ್ರಭಾತ್ ಝಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಜಿಎಸ್‌ಟಿಎಂ1 ಇಲ್ಲದವರ ಪ್ರಮಾಣವೂ ನಮ್ಮ ಹಲವು ಸಮುದಾಯಗಳಲ್ಲಿ ಯೂರೋಪಿಗಿಂತ ಕಡಿಮೆ. ಕುಮಟಾ, ಹೊನ್ನಾವರಗಳ ಹರಿಕಂತ್ರರು, ಖಾರ್ವಿಗಳು, ಹಾಲಕ್ಕಿಗಳು, ಹವ್ಯಕರು ತಲೆತಲಾಂತರದಿಂದ ತಮ್ಮತಮ್ಮೊಳಗೇ ಸಂಬಂಧ ಬೆಳೆಸಿದವರಾದ್ದರಿಂದ, ಒಂದೊಂದು ಸಮುದಾಯದ ವಂಶವಾಹಿಗಳ ಹಂಚಿಕೆಯೂ ಒಂದೊಂದು ಬಗೆಯಾಗಿರಲು ಸಾಧ್ಯ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯು 1982ರಿಂದ ರೋಗಿಗಳ ಲೆಕ್ಕವಿಡುತ್ತ ಬಂದಿದೆ; ಆ ಎಣಿಕೆಯ ಪಕ್ಕದಲ್ಲಿ ಈ ಕರಾವಳಿಯ ವಂಶವಾಹಿಗಳ ಅಳತೆಯೂ ಬಂದು ಕೂಡಬೇಕೆಂಬುದು ನನ್ನ ಹಾರೈಕೆ.