ಅರಮನೆಯ ತೊಟ್ಟಿಲು, ನಮ್ಮ ಮನೆಯ ತೊಟ್ಟಿಲು



ನಿಮ್ಮ ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಈ ಲೇಖನವನ್ನು ನೀವು ಒಂದೇ ಬಾರಿಗೆ ಕುಳಿತು ಓದಿ ಮುಗಿಸುವುದು ಸಂಶಯ. ನಡುವೆ ಒಮ್ಮೆಯಾದರೂ ಎದ್ದು ಹೋಗಬೇಕಾದೀತು. ಒಬ್ಬ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿ ಮಗುಚಿರುತ್ತಾನೆ, ಇನ್ನೊಬ್ಬಳು ಅಜ್ಜನ ಕನ್ನಡಕ ಹಾಕಿಕೊಂಡು ಓಡುತ್ತಿರುತ್ತಾಳೆ. ರಾತ್ರಿ ಮಗುವಿಗೆ ಜ್ವರ ಬಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಜ್ವರ ಇಳಿದು ಅದು ಒಮ್ಮೆ ನಕ್ಕರೆ ರಾತ್ರಿಯ ಆಯಾಸವೆಲ್ಲ ಮರೆತುಹೋಗುತ್ತದೆ.

ನಮ್ಮ ಶಾಲೆಯ ಇತಿಹಾಸ ಪಠ್ಯದಲ್ಲಿ ಇಂತಹ ವಿಷಯಗಳಿಗೆ ಜಾಗವಿಲ್ಲ. ಅಲ್ಲಿ ಯುದ್ಧಗಳಿವೆ, ಒಪ್ಪಂದಗಳಿವೆ, ಪಟ್ಟಾಭಿಷೇಕದ ಇಸವಿಗಳಿವೆ. ರಾಜರಿಗೂ ಮನೆಯಿತ್ತು, ಆ ಮನೆಯಲ್ಲೂ ಮಕ್ಕಳು ಅಳುತ್ತಿದ್ದರು, ಬೀಳುತ್ತಿದ್ದರು, ಪಾಠಕ್ಕೆ ಕರೆದರೆ ಅಡಗಿಕೊಳ್ಳುತ್ತಿದ್ದರು ಎಂಬುದು ವಿದ್ಯಾರ್ಥಿಗಳಿಗೆ ತಿಳಿಯುವುದೇ ಇಲ್ಲ. ಆದರೆ ಮೊಘಲರ ವಿಷಯದಲ್ಲಿ ನಾವು ಅದೃಷ್ಟವಂತರು. ಬಾಬರನ ಮಗಳು ಗುಲ್ಬದನ್ ಬೇಗಂ ಬರೆದ 'ಹುಮಾಯೂನ್ ನಾಮಾ', ಅಬುಲ್ ಫಜಲ್‌ನ 'ಅಕ್ಬರ್ ನಾಮಾ', ಜಹಾಂಗೀರನು ತಾನೇ ಬರೆದ ಆತ್ಮಕಥೆ ಇವುಗಳಲ್ಲಿ ಆ ಮನೆಯ ಒಳಗಿನ ಸುದ್ದಿ ಬೇಕಾದಷ್ಟು ಸಿಗುತ್ತದೆ. ಅದರಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಶತ್ರುವಿನ ಮನೆಯಲ್ಲಿ ಮೊದಲ ಹೆಜ್ಜೆ

ಅಕ್ಬರ್ ಹುಟ್ಟಿದ್ದು 1542ರಲ್ಲಿ, ಸಿಂಧ್‌ನ ಅಮರಕೋಟೆಯಲ್ಲಿ. ಆಗ ಅವನ ತಂದೆ ಹುಮಾಯೂನನು ರಾಜ್ಯ ಕಳೆದುಕೊಂಡು ಊರಿಂದ ಊರಿಗೆ ಅಲೆಯುತ್ತಿದ್ದ. ಮರುವರ್ಷ ತಮ್ಮನಾದ ಅಸ್ಕರಿಯೇ ಸೈನ್ಯದೊಡನೆ ಬೆನ್ನಟ್ಟಿ ಬಂದಾಗ ಹುಮಾಯೂನನೂ ಅವನ ಪತ್ನಿ ಹಮೀದಾ ಬಾನು ಬೇಗಂ ಕೂಡ ಆತುರದಲ್ಲಿ ಇರಾನಿನತ್ತ ಹೊರಟರು. ಎಳೆಗೂಸನ್ನು ಆ ದುರ್ಗಮ ದಾರಿಯಲ್ಲಿ ಕೊಂಡೊಯ್ಯುವಂತಿರಲಿಲ್ಲ. ಮಗುವನ್ನು ಡೇರೆಯಲ್ಲೇ ಬಿಟ್ಟು ಹೋದರು. ಆಗ ಹಮೀದಾ ಇನ್ನೂ ಹದಿನೈದು ಹದಿನಾರರ ಎಳೆಯ ತಾಯಿ. ಆಕೆಯ ಸಂಕಟವನ್ನು ಓದುಗರೇ ಊಹಿಸಿಕೊಳ್ಳಬೇಕು.

ಅಸ್ಕರಿ ಆ ಮಗುವನ್ನು ಕಂದಹಾರಕ್ಕೆ ತಂದು ತನ್ನ ಪತ್ನಿಯ ಕೈಗೆ ಒಪ್ಪಿಸಿದ. ಆಕೆ ಮಗುವನ್ನು ಬಹಳ ಮಮತೆಯಿಂದ ಸಾಕಿದಳೆಂದು ಗುಲ್ಬದನ್ ಬೇಗಂ ದಾಖಲಿಸಿದ್ದಾಳೆ. ಗಂಡಸರ ಜಗಳ ಹೊರಗೆ ನಡೆಯುತ್ತಿತ್ತು. ಒಳಗೆ ಮಗುವಿಗೆ ಹಾಲೂ ಮಡಿಲೂ ತಪ್ಪಲಿಲ್ಲ.

ಮಗು ಎದ್ದು ನಡೆಯಲು ತೊಡಗಿದ್ದೂ ಅಲ್ಲಿಯೇ. ಮಗು ಹೆಜ್ಜೆಯಿಡಲು ಕಲಿತಾಗ ತಂದೆಯೋ ಅಜ್ಜನೋ ತನ್ನ ರುಮಾಲನ್ನು ತೆಗೆದು ಮಗುವಿನ ಮೇಲೆ ಎಸೆದು ಬೀಳಿಸುವುದು ತುರ್ಕರ ಪದ್ಧತಿಯಾಗಿತ್ತು. ದೃಷ್ಟಿ ತಾಗದಿರಲೆಂದು ನಮ್ಮ ಕಡೆ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರಲ್ಲ, ನನಗೆ ಅದರ ನೆನಪಾಗುತ್ತದೆ. ಇಲ್ಲಿ ತಂದೆಯೂ ಇಲ್ಲ, ಅಜ್ಜನೂ ಇಲ್ಲ. ಮಗುವಿನ ದಾದಿ ಮಾಹಂ ಅನಗಾ ಧೈರ್ಯ ಮಾಡಿ ಅಸ್ಕರಿಗೆ, ಈಗ ತಂದೆಯ ಸ್ಥಾನದಲ್ಲಿ ಇರುವವರು ನೀವೇ, ಆ ಶಾಸ್ತ್ರವನ್ನು ನೀವೇ ನಡೆಸಿಕೊಡಿ ಎಂದು ಕೇಳಿದಳು. ಅಣ್ಣನನ್ನು ದೇಶದಿಂದ ಓಡಿಸಿದ ಆ ಮನುಷ್ಯ ಕೂಡಲೇ ರುಮಾಲು ತೆಗೆದು ಎಸೆದ, ಮಗು ದೊಪ್ಪನೆ ಬಿತ್ತು. ಆ ಘಟನೆ ತನಗೆ ಚೆನ್ನಾಗಿ ನೆನಪಿದೆಯೆಂದು ಅಕ್ಬರ್ ದೊಡ್ಡವನಾದ ಮೇಲೆ ಅಬುಲ್ ಫಜಲ್‌ಗೆ ಹೇಳಿದ್ದನಂತೆ. ಒಂದು ವರ್ಷ ಚಿಲ್ಲರೆ ಪ್ರಾಯದ ನೆನಪು ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ಮನೆಯವರು ಮತ್ತೆ ಮತ್ತೆ ಹೇಳಿದ ಕತೆ ಅವನ ನೆನಪೇ ಆಗಿಬಿಟ್ಟಿರಲೂಬಹುದು. ನಮ್ಮ ಬಾಲ್ಯದ ಎಷ್ಟೋ ನೆನಪುಗಳು ಹೀಗೆ ಅಜ್ಜಿ ಕೊಟ್ಟವುಗಳೇ ಅಲ್ಲವೇ?

1545ರಲ್ಲಿ ಹುಮಾಯೂನ್ ಕಾಬೂಲನ್ನು ಗೆದ್ದ ಮೇಲೆ ಮಗು ತಂದೆಯ ಕೈಸೇರಿತು. ಅನಂತರ ತಾಯಿಯೂ ಬಂದಳು. ಅರಮನೆಯ ಹೆಂಗಸರೆಲ್ಲ ಒಟ್ಟಿಗೆ ಕುಳಿತಿದ್ದಾಗ ಮಗುವನ್ನು ಒಳಗೆ ಬಿಟ್ಟರು, ಅದು ನೇರವಾಗಿ ಹಮೀದಾ ಬಾನುವಿನ ಮಡಿಲಿಗೇ ಹೋಯಿತು ಎಂದು ಅಬುಲ್ ಫಜಲ್ ಬರೆಯುತ್ತಾನೆ.

ಪಾಠದ ದಿನ ಹುಡುಗ ನಾಪತ್ತೆ

ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಿಸ್ಮಿಲ್ಲಾ ಓದಿಸುವ ಪದ್ಧತಿಯಿದೆ. ಹೊಸ ಬಟ್ಟೆ, ಸಿಹಿತಿಂಡಿ, ನೆಂಟರಿಷ್ಟರು. ಆ ಹೊತ್ತಿಗೆ ಸರಿಯಾಗಿ ಮಗು ಹಟ ಹಿಡಿದು ಕುಳಿತರೆ ತಾಯಿತಂದೆಯರು ನಾಚಿಕೆಯಿಂದ ಕುಗ್ಗುತ್ತಾರೆ. ಅಂಥವರಿಗೆ 1547ರ ಈ ಪ್ರಸಂಗ ಸಮಾಧಾನ ಕೊಟ್ಟೀತು.

ಹುಮಾಯೂನನಿಗೆ ಜ್ಯೋತಿಷ್ಯದಲ್ಲಿ ಬಹಳ ಆಸಕ್ತಿ. ಮಗನ ವಿದ್ಯಾರಂಭಕ್ಕೆ ತಾನೇ ಜ್ಯೋತಿಷಿಗಳೊಡನೆ ಕುಳಿತು ಗಳಿಗೆ ಗೊತ್ತುಮಾಡಿಸಿದ್ದ. ಗುರುಗಳು ಬಂದರು, ಎಲ್ಲ ಸಿದ್ಧವಾಯಿತು, ಗಳಿಗೆಯೂ ಬಂತು. ಹುಡುಗ ಮಾತ್ರ ಇಲ್ಲ! ಆಟದ ನೆಪದಲ್ಲಿ ಎಲ್ಲೋ ಮರೆಯಾಗಿದ್ದ. ಎಷ್ಟು ಹುಡುಕಿದರೂ ಸಿಗಲಿಲ್ಲ. ಮೊದಲ ಗುರುಗಳಿಗೇ ಪಾರಿವಾಳ ಹಾರಿಸುವ ಗೀಳಿತ್ತು, ಅದಕ್ಕಾಗಿ ಅವರನ್ನು ಬದಲಾಯಿಸಬೇಕಾಯಿತು. ಅಕ್ಬರ್ ಕೊನೆಗೂ ಓದುಬರಹ ಕಲಿಯಲಿಲ್ಲವೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಆದರೆ ಆತ ದಿನವೂ ಪುಸ್ತಕಗಳನ್ನು ಓದಿಸಿ ಕೇಳುತ್ತಿದ್ದ, ದೊಡ್ಡ ಗ್ರಂಥಭಂಡಾರವನ್ನೇ ಕಟ್ಟಿದ. ಅಕ್ಷರಕ್ಕೆ ಒಲಿಯದ ಮಗುವನ್ನು ದಡ್ಡನೆಂದು ಕರೆಯುವ ಮೊದಲು ಇದನ್ನೊಮ್ಮೆ ನೆನೆಯಬೇಕು.

ಮುಂದೆ ಅಕ್ಬರನೇ ತಂದೆಯಾಗುವ ಹೊತ್ತಿಗೆ ಅವನಿಗೂ ಕಷ್ಟ ತಪ್ಪಲಿಲ್ಲ. 1564ರಲ್ಲಿ ಹುಟ್ಟಿದ ಅವಳಿ ಮಕ್ಕಳು ಒಂದು ತಿಂಗಳಷ್ಟೇ ಬದುಕಿದವು. ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿದ್ದುದರಿಂದ ಸಂತ ಶೇಖ್ ಸಲೀಂ ಚಿಶ್ತಿಯವರ ಬಳಿ ಹೋಗಿ ದುಆ ಬೇಡಿದ. 1569ರಲ್ಲಿ ಸಿಕ್ರಿಯಲ್ಲಿ ಮಗ ಹುಟ್ಟಿದಾಗ ಅವರ ಹೆಸರನ್ನೇ ಇಟ್ಟ. ಹರಕೆಯಂತೆ ಆಗ್ರಾದಿಂದ ಅಜ್ಮೀರಿಗೆ ಕಾಲ್ನಡಿಗೆಯಲ್ಲಿ ಹೋದ. ತಂದೆ ತನ್ನನ್ನು ಎಂದೂ ಸಲೀಂ ಎಂದು ಕರೆದದ್ದಿಲ್ಲ, ಯಾವಾಗಲೂ 'ಶೇಖೂ ಬಾಬಾ' ಎನ್ನುತ್ತಿದ್ದ ಎಂದು ಆ ಮಗ, ಅಂದರೆ ಜಹಾಂಗೀರ್, ಬರೆದಿದ್ದಾನೆ. ಚಕ್ರವರ್ತಿಯಾದ ಮೇಲೂ ಮರೆಯದ ಮುದ್ದಿನ ಹೆಸರು ಅದು.

ಲೇಖನಿ ಏಳದ ದಿನ

ಜಹಾಂಗೀರನ ಕುಡಿತ, ಬೇಟೆಯ ಹುಚ್ಚು, ಕೋಪ ಇವನ್ನು ನಾವು ಓದಿದ್ದೇವೆ. ಅಜ್ಜನಾಗಿ ಅವನು ಹೇಗಿದ್ದನೆಂಬುದು ಅಷ್ಟು ಪ್ರಸಿದ್ಧವಲ್ಲ. 1616ರ ಜೂನ್ ತಿಂಗಳು. ಅರಮನೆಯವರೆಲ್ಲ ಅಜ್ಮೀರಿನಲ್ಲಿದ್ದರು. ಮಗ ಖುರ್ರಂ, ಅಂದರೆ ಮುಂದಿನ ಷಹಜಹಾನ್, ಮತ್ತು ಮುಮ್ತಾಜ್ ಮಹಲ್ ಇವರ ಮೊದಲ ಮಗಳು ಹೂರುನ್ನಿಸಾ ಸಿಡುಬಿನಿಂದ ತೀರಿಕೊಂಡಳು. ವಯಸ್ಸು ಮೂರು ವರ್ಷ. ಸಣ್ಣ ಹೂವು, ಹಕ್ಕಿ, ಜಿಂಕೆ ಯಾವುದನ್ನೂ ಬಿಡದೆ ಬರೆದಿಡುತ್ತಿದ್ದ ಜಹಾಂಗೀರನಿಗೆ ಮೊಮ್ಮಗಳ ಸಾವನ್ನು ಬರೆಯಲು ಕೈ ಏಳಲಿಲ್ಲ. ಮಂತ್ರಿ ಇತಿಮಾದುದ್ದೌಲಾನಿಗೆ ಹೇಳಿ ಬರೆಸಿದ. ಮಗು ತೀರಿಕೊಂಡ ವಾರವಾದ ಬುಧವಾರಕ್ಕೆ 'ಗುಮ್‌ಶಂಬಾ', ಎಂದರೆ ಕಳೆದುಕೊಂಡ ದಿನ, ಎಂದು ಹೆಸರಿಟ್ಟರು.

ಅದೇ ತಿಂಗಳು, ಅದೇ ಊರಿನಲ್ಲಿ, ಮುಮ್ತಾಜಳಿಗೆ ಗಂಡುಮಗು ಹುಟ್ಟಿತು. ಅವನೇ ಶಾ ಷುಜಾ. ಜಹಾಂಗೀರನಿಗೆ ಈ ಮೊಮ್ಮಗನೆಂದರೆ ಪ್ರಾಣ. ಮುಂದೆ ಷುಜಾ ಕಾಯಿಲೆ ಬಿದ್ದಾಗ, ಸಾವಿರಾರು ಪ್ರಾಣಿಗಳನ್ನು ಬೇಟೆಯಾಡಿ ಲೆಕ್ಕವಿಟ್ಟಿದ್ದ ಆ ಚಕ್ರವರ್ತಿ, ಮಗು ಬದುಕಿದರೆ ಇನ್ನು ನನ್ನ ಕೈಯಿಂದ ಯಾವ ಜೀವಿಯನ್ನೂ ನೋಯಿಸುವುದಿಲ್ಲವೆಂದು ಹರಕೆ ಹೊತ್ತ. ಮಗು ಚೇತರಿಸಿಕೊಂಡಿತು. ಇನ್ನೊಮ್ಮೆ ಷುಜಾ ಆಡುತ್ತಾ ಕಿಟಕಿಯಿಂದ ಕೆಳಕ್ಕೆ ಬಿದ್ದ. ಕೆಳಗೆ ಮಡಚಿಟ್ಟ ಜಮಖಾನವೂ ಅದರ ಪಕ್ಕ ಒಬ್ಬ ಕೆಲಸದವನೂ ಇದ್ದುದರಿಂದ ಜೀವ ಉಳಿಯಿತು. ಸುದ್ದಿ ಕೇಳಿದ ಅಜ್ಜ ದಿಕ್ಕುಗೆಟ್ಟು ಓಡಿಬಂದು ಮಗುವನ್ನು ಬಹಳ ಹೊತ್ತು ಎದೆಗವಚಿಕೊಂಡ. ಮಹಡಿಯ ಮೆಟ್ಟಿಲಿನಿಂದಲೋ ಬಾವಿಕಟ್ಟೆಯ ಹತ್ತಿರದಿಂದಲೋ ಮಗುವನ್ನು ಎಳೆದುಕೊಂಡ ಯಾರಿಗೂ ಆ ಓಟ ಎಂಥದೆಂದು ವಿವರಿಸಬೇಕಾಗಿಲ್ಲ.

ರಾಜ್ಯದ ಬೆಲೆ ತೆತ್ತ ಮಕ್ಕಳು

ಮುಮ್ತಾಜ್ ಮಹಲ್ ಮದುವೆಯಾದದ್ದು 1612ರಲ್ಲಿ. ಹತ್ತೊಂಬತ್ತು ವರ್ಷಗಳಲ್ಲಿ ಹದಿನಾಲ್ಕು ಹೆರಿಗೆ. ಉಳಿದು ಬೆಳೆದ ಮಕ್ಕಳು ಏಳು. ಹದಿನಾಲ್ಕನೆಯ ಹೆರಿಗೆಯಲ್ಲಿ, 1631ರ ಜೂನ್‌ನಲ್ಲಿ, ಬುರ್ಹಾನ್‌ಪುರದಲ್ಲಿ ಆಕೆಯೂ ತೀರಿಕೊಂಡಳು. ಪ್ರವಾಸ ಹೋಗಿ ತಾಜಮಹಲಿನ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಈ ಲೆಕ್ಕ ನಮ್ಮಲ್ಲಿ ಎಷ್ಟು ಜನರ ಮನಸ್ಸಿನಲ್ಲಿರುತ್ತದೆ?

ದೊಡ್ಡವರ ಜಗಳಕ್ಕೆ ಮಕ್ಕಳು ಬೆಲೆ ತೆರುವುದೂ ಇತ್ತು. ಖುರ್ರಂ ತಂದೆಯ ವಿರುದ್ಧ ಬಂಡೆದ್ದು ಸೋತಾಗ, 1626ರಲ್ಲಿ, ಹತ್ತರ ಆಸುಪಾಸಿನ ದಾರಾನನ್ನೂ ಏಳರ ಆಸುಪಾಸಿನ ಔರಂಗಜೇಬನನ್ನೂ ಒತ್ತೆಯಾಗಿ ಕಳುಹಿಸಬೇಕಾಯಿತು. ತಾಯಿತಂದೆಯರನ್ನು ಅವರು ಮತ್ತೆ ಕಂಡದ್ದು 1628ರಲ್ಲಿ. ನಮ್ಮ ನಾಡಿನವರಿಗೆ ಇದನ್ನು ಓದುವಾಗ 1792ರ ಶ್ರೀರಂಗಪಟ್ಟಣ ಕಣ್ಣಮುಂದೆ ಬರುತ್ತದೆ. ಟಿಪ್ಪು ಸುಲ್ತಾನನು ಅಬ್ದುಲ್ ಖಾಲಿಕ್ ಮತ್ತು ಮುಇಜುದ್ದೀನ್ ಎಂಬ ತನ್ನ ಇಬ್ಬರು ಬಾಲಕರನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿದ. ಅವರು ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದ್ದು 1794ರಲ್ಲಿ.

ಮೂರು ವರ್ಷದ ಮೂವರು ಹೆಣ್ಣುಮಕ್ಕಳು

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಹೂರುನ್ನಿಸಾಳ ತೊಟ್ಟಿಲಿನ ಸುತ್ತ ಹಿಂದೂಸ್ತಾನದ ಅತ್ಯುತ್ತಮ ಹಕೀಮರಿದ್ದರು, ಖಜಾನೆಯಿತ್ತು, ಸೈನ್ಯವಿತ್ತು. ಆ ಮಗುವನ್ನು ಉಳಿಸುವ ಒಂದು ಹನಿ ಲಸಿಕೆ ಮಾತ್ರ ಜಗತ್ತಿನಲ್ಲೇ ಇರಲಿಲ್ಲ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಅದನ್ನು ಪ್ರಯೋಗಿಸಿ ನೋಡಿದ. ಬಾಗ್ದಾದ್, ಬಸ್ರಾಗಳ ದಾರಿಯಾಗಿ ಅದು ಭಾರತಕ್ಕೆ ಬಂತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅದನ್ನು ನಮ್ಮ ದೇಶದಲ್ಲಿ ಮೊಟ್ಟಮೊದಲು ಪಡೆದವಳು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ಅಲ್ಲಿಂದ ನೂರೆಪ್ಪತ್ತು ವರ್ಷಗಳಿಗೂ ಮೀರಿದ ದುಡಿಮೆಯ ಬಳಿಕ, 1975ರಲ್ಲಿ, ಬಾಂಗ್ಲಾದೇಶದ ಭೋಲಾ ದ್ವೀಪದ ರಹೀಮಾ ಬಾನು ಎಂಬ ಮಗುವಿನಲ್ಲಿ ತೀವ್ರ ಸ್ವರೂಪದ ಸಿಡುಬು ಕೊನೆಯ ಬಾರಿ ಸಹಜವಾಗಿ ಕಾಣಿಸಿಕೊಂಡಿತು. ಅವಳಿಗೂ ಸುಮಾರು ಮೂರು ವರ್ಷ. ಅವಳು ಬದುಕಿದಳು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು.

ಚಕ್ರವರ್ತಿಯ ಮೊಮ್ಮಗಳಿಗೆ ಸಿಗದ ಭಾಗ್ಯ ದ್ವೀಪವೊಂದರ ಬಡವರ ಮಗಳ ನಂತರದ ಎಲ್ಲ ಮಕ್ಕಳಿಗೂ ಸಿಕ್ಕಿತು. ವಿದ್ಯೆ ಎಂದರೆ ಇದು. ನಮ್ಮಂಥ ವಿದ್ಯಾಸಂಸ್ಥೆಗಳು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಪೋಲಿಯೋ ಹನಿಯ ಬಗ್ಗೆ ಉತ್ತರಪ್ರದೇಶದ ಕೆಲವು ಮೊಹಲ್ಲಾಗಳಲ್ಲಿ ಗಾಳಿಸುದ್ದಿ ಹಬ್ಬಿ ಜನ ಬಾಗಿಲು ಮುಚ್ಚಿಕೊಂಡಾಗ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾದಂತಹ ಸಂಸ್ಥೆಗಳೂ ಉಲಮಾಗಳೂ ಮುಂದೆ ಬಂದು ತಿಳಿಹೇಳಿದರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋದ ಹೊಸ ಪ್ರಕರಣ ವರದಿಯಾಗದೆ 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಪ್ರಮಾಣಿತವಾಯಿತು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಮೂರು. ಮೊದಲನೆಯದು, ನಿಮ್ಮ ಮನೆಯ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿ, ಯಾವ ಚುಚ್ಚುಮದ್ದು ಬಾಕಿಯಿದೆಯೆಂದು ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ವಿಚಾರಿಸಿ. ಎರಡನೆಯದು ತಂದೆಯರಿಗೆ. ಹಿರಿಯರ ಎದುರು ಮಗುವನ್ನು ಎತ್ತಿಕೊಳ್ಳಲು ನಾಚುವ ವಾಡಿಕೆ ನಮ್ಮಲ್ಲಿತ್ತು, ಇನ್ನೂ ಪೂರ್ತಿ ಹೋಗಿಲ್ಲ. ಮೊಮ್ಮಗಳಿಗಾಗಿ ಅತ್ತದ್ದನ್ನು ಜಹಾಂಗೀರ್ ಮುಚ್ಚಿಡಲಿಲ್ಲ, ನಾವೇಕೆ ನಾಚಬೇಕು? ಮೂರನೆಯದು ವಿದ್ಯಾರ್ಥಿಗಳಿಗೆ. ನಿಮ್ಮ ಮನೆಯ ಅಜ್ಜಿಯ ಬಳಿ ಕುಳಿತು, ನೀವು ಮೊದಲ ಹೆಜ್ಜೆ ಇಟ್ಟದ್ದು ಎಲ್ಲಿ, ಆಗ ನಿಮ್ಮನ್ನು ಹಿಡಿದುಕೊಂಡವರು ಯಾರು ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗುಲ್ಬದನ್ ಬೇಗಂ ಅಂದು ತನ್ನ ಮನೆಯವರ ಬಗ್ಗೆ ಮಾಡಿದ್ದು ಅದನ್ನೇ.