ಕೃಷ್ಣಾತೀರದ ಭೂಮಿಯೂ ಲೋಕಹಿತದ ಋಣವೂ

ಭೂದಾನವು ದಾನಗಳಲ್ಲೆಲ್ಲ ಹಿರಿದೆಂಬುದು ಕನ್ನಡನಾಡಿನ ಪೂರ್ವಿಕರ ದೃಢವಾದ ನಂಬಿಗೆಯಾಗಿದ್ದಿತು. ಅರಸನಾಗಲಿ, ಗೌಡನಾಗಲಿ, ಸಾಮಾನ್ಯ ಒಕ್ಕಲಿಗನಾಗಲಿ ದೇವರಿಗೆ, ಮಠಕ್ಕೆ, ಕೆರೆಗೆ, ಅರವಟ್ಟಿಗೆಗೆ ನೆಲವನ್ನು ಬಿಡುವಾಗ ಕೈಯಲ್ಲಿ ನೀರು ಹಿಡಿದು ಧಾರೆಯೆರೆದು ಕೊಡುತ್ತಿದ್ದನು; ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳಿ ಕಲ್ಲು ನೆಡಿಸುತ್ತಿದ್ದನು; ಆ ಧರ್ಮವನ್ನು ಕಾಯ್ದವರಿಗೆ ಪುಣ್ಯವನ್ನೂ ಕೆಡಿಸಿದವರಿಗೆ ಶಾಪವನ್ನೂ ಬರೆಯಿಸುತ್ತಿದ್ದನು. ತೇರದಾಳದ 12ನೆಯ ಶತಮಾನದ ಶಿಲಾಶಾಸನವು ಈ ಸೀಮೆಯ ಭೂದಾನಗಳಿಗೆ ಇಂದಿಗೂ ಸಾಕ್ಷಿಯಾಗಿರುವದು. ಆದುದರಿಂದ ಲೋಕಹಿತಕ್ಕಾಗಿ ನೆಲವು ಒಡೆಯನ ಕೈಬಿಡುವದು ಹೊಸದೇನೂ ಅಲ್ಲ. ಆದರೆ 20ನೆಯ ಶತಮಾನದ ಉತ್ತರಾರ್ಧದಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗಳಲ್ಲಿ ನೆಲವು ಕೈಬಿಟ್ಟ ಬಗೆ ಬೇರೆ. ಇಲ್ಲಿ ಒಡೆಯನು ಧಾರೆಯನ್ನು ಎರೆಯಲಿಲ್ಲ. ಸರಕಾರದ ನೋಟೀಸು ಮುಂದಾಗಿ ಬಂದು, ನದಿಯ ನೀರು ಹಿಂದಿನಿಂದ ಬಂದಿತು. ಕೊಟ್ಟ ಭೂಮಿಗೂ ಕೊಂಡ ಭೂಮಿಗೂ ಇರುವ ಈ ಅಂತರವನ್ನು ವಿಚಾರಿಸುವದು ದಾಸೋಹಧರ್ಮವನ್ನು ನಂಬಿದ ಸದ್ಭಕ್ತರಿಗೆ ಉಚಿತವಾಗಿರುವದು.

ಇಂದು ಒಂದೇ ಜಿಲ್ಲೆಯಲ್ಲಿ ಕೂಡಿಕೊಂಡಿರುವ ಈ ನಾಲ್ಕು ಸೀಮೆಗಳು 1948ಕ್ಕೆ ಮೊದಲು ಒಬ್ಬನೇ ಒಡೆಯನ ಕೈಯಲ್ಲಿ ಇರಲಿಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ನೇಕಾರರ ಜೋಡು ಊರುಗಳಾದ ರಬಕವಿ ಮತ್ತು ಬನಹಟ್ಟಿಗಳಲ್ಲಿ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ, ಕೂಗಳತೆಯ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿಯಾದರೋ ಬ್ರಿಟಿಶರ ವಿಜಾಪುರ ಜಿಲ್ಲೆಯಲ್ಲಿದ್ದಿತು. ಸಂಸ್ಥಾನಗಳು ವಿಲೀನವಾಗಿ, 1956ರಲ್ಲಿ ಕನ್ನಡನಾಡು ಒಂದಾಗಿ, 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಏರ್ಪಟ್ಟಿತು. ಧಣಿಗಳು ಬದಲಾದರು, ದಫ್ತರಗಳು ಬದಲಾದವು. ಒಕ್ಕಲಿಗನ ಹೊಲ ಮಾತ್ರ ಇದ್ದಲ್ಲಿಯೇ ಇದ್ದಿತು. ಅದನ್ನು ಕದಲಿಸಿದುದು ರಾಜ್ಯಗಳ ಬದಲಾವಣೆಯಲ್ಲ, ನೀರಿನ ಯೋಜನೆ.

ಆ ಯೋಜನೆಯು ನಿಷ್ಕಾರಣವಾಗಿ ಬಂದುದೆಂದು ಯಾರೂ ಹೇಳಲಾರರು. 1876ರಿಂದ 1878ರ ವರೆಗಿನ ಘೋರವಾದ ಬರಗಾಲವು ಆಗಿನ ಕಲಾದಗಿ ಜಿಲ್ಲೆಯನ್ನು ಹಾಳುಸುರಿಸಿತು. ಕೃಷ್ಣೆಯೂ ಘಟಪ್ರಭೆಯೂ ಊರ ಮಗ್ಗುಲಲ್ಲಿಯೇ ಹರಿದರೂ ಎತ್ತರದ ಎರೆಹೊಲಕ್ಕೆ ಒಂದು ಹನಿ ಏರುತ್ತಿರಲಿಲ್ಲ. ಮುಂದೆ ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು; ಸ್ವಾತಂತ್ರ್ಯದ ತರುವಾಯ ಹಿಡಕಲ್ಲಿನಲ್ಲಿ ಜಲಾಶಯವಾಯಿತು. ಮುಧೋಳ, ಜಮಖಂಡಿ ತಾಲೂಕುಗಳ ಕಬ್ಬು ಗೋವಿನಜೋಳಗಳು ಆ ಕಾಲುವೆಯ ಪ್ರಸಾದವೆಂದರೆ ಸಲ್ಲುವದು. ಆದರೆ ಹಿಡಕಲ್ಲಿನ ನೀರು ನಿಂತುದೂ ಯಾರದೋ ಹೊಲದ ಮೇಲೆಯೇ. ಅಲ್ಲಿಯೂ ಯಾರೋ ತಮ್ಮ ಒಲೆಯ ಬೂದಿಯನ್ನು ಬಿಟ್ಟು ಎದ್ದು ಹೋಗಿರುವರು. ಈ ಸೀಮೆಯವರು ನೆಲವನ್ನು ಕಳಕೊಂಡವರು ಮಾತ್ರವಲ್ಲ, ಮತ್ತೊಬ್ಬರು ಕಳಕೊಂಡುದರ ಫಲವನ್ನು ಉಂಡವರೂ ಆಗಿರುವರು. ಇದನ್ನು ಮರೆತು ಮಾಡಿದ ವಿಚಾರವು ನ್ಯಾಯದ ವಿಚಾರವಾಗಲಾರದು.

1964ನೆಯ ಇಸವಿಯ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಡಿಗಲ್ಲನ್ನು ಇಟ್ಟರು. ಮೊದಲು ಕೆಳಗಡೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು ಬಸವಸಾಗರವೆನಿಸಿತು. ಆಲಮಟ್ಟಿಯ ಕೆಲಸವು ಹಣದ ಅಡಚಣೆಯಿಂದಲೂ ರಾಜ್ಯರಾಜ್ಯಗಳ ವ್ಯಾಜ್ಯದಿಂದಲೂ ನಾಲ್ಕು ದಶಕ ಎಳೆಯಿತು. ಬಚಾವತ್ ನ್ಯಾಯಾಧಿಕರಣವು ಕೃಷ್ಣೆಯ ನೀರನ್ನು ಹಂಚಿಕೊಟ್ಟ ಮೇಲೆಯೂ ಅಣೆಯ ಎತ್ತರದ ವಾದವು ನಿಲ್ಲದೆ, 2000ದ ಎಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರಿನ ವರೆಗೆ ನೀರು ನಿಲ್ಲಿಸಲು ಅನುಮತಿಯನ್ನು ಕೊಟ್ಟಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಆ ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಆ ಮಟ್ಟದಲ್ಲಿ ಅಲ್ಲಿ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುವದು. ಯೋಜನೆಯ ಮೊದಲ ಎರಡು ಹಂತಗಳಿಂದ ವಿಜಾಪುರ, ಕಲಬುರ್ಗಿ, ಯಾದಗಿರಿ, ರಾಯಚೂರು ಮೊದಲಾದ ಕಡೆ 6 ಲಕ್ಷ ಹೆಕ್ಟೇರಿಗೂ ಮಿಕ್ಕಿ ನೀರಾವರಿಯು ಉದ್ದೇಶಿತವಾಗಿದ್ದಿತು. ನೀರು ಹರಿದುದು ಹೆಚ್ಚಾಗಿ ಕೆಳನಾಡಿಗೆ. ನಿಂತುದು ಬೀಳಗಿ, ಬಾಗಲಕೋಟೆ, ಜಮಖಂಡಿ ತಾಲೂಕುಗಳ ಮತ್ತು ಎದುರು ದಂಡೆಯ ಎರೆಭೂಮಿಯ ಮೇಲೆ. ಕೊರ್ತಿ, ಹೆರಕಲ್ಲು ಮೊದಲಾದ ಊರುಗಳ ಜನ ಎತ್ತರದ ಬಯಲಿಗೆ ಏರಿದರು. ಹಳೆಯ ಬಾಗಲಕೋಟೆಯ ಬಹುಭಾಗ ನವನಗರಕ್ಕೆ ಹೋಯಿತು.

ಈ ಭೂಮಿಯನ್ನೆಲ್ಲ ಸರಕಾರವು ಕೊಂಡುದು ಬ್ರಿಟಿಶರು ಮಾಡಿಟ್ಟ 1894ನೆಯ ಇಸವಿಯ ಭೂಸ್ವಾಧೀನದ ಕಾಯಿದೆಯಿಂದ. ಆ ಕಾಯಿದೆಯ ನಡೆಯನ್ನು ತಿಳಿಯದೆ ಈ ಸೀಮೆಯ ದುಃಖವು ತಿಳಿಯಲಾರದು. 4ನೆಯ ಕಲಮಿನ ಪ್ರಕಾರ ಮೊದಲ ಪ್ರಕಟನೆ. 6ನೆಯ ಕಲಮಿನ ಪ್ರಕಾರ ನಿಶ್ಚಯ. 11ನೆಯ ಕಲಮಿನ ಪ್ರಕಾರ ಪರಿಹಾರದ ನಿರ್ಣಯ. ಬೆಲೆಯನ್ನು ಎಣಿಸುವದು ಮೊದಲ ಪ್ರಕಟನೆಯ ದಿನದ ದರದಿಂದ. ರೊಕ್ಕ ಕೈಗೆ ಬರುವ ಹೊತ್ತಿಗೆ ನೆರೆಯೂರಿನ ಹೊಲದ ಬೆಲೆಯು ಏರಿರುತ್ತಿದ್ದಿತು. ಬಲವಂತದ ಖರೀದಿಯೆಂದು ಕೊಡುವ ಹೆಚ್ಚಿನ ಮೊತ್ತವು 1984ರ ತಿದ್ದುಪಡಿಯ ವರೆಗೆ ಶೇಕಡಾ 15 ಮಾತ್ರ, ಆ ಮೇಲೆ ಶೇಕಡಾ 30. ನಿರ್ಣಯವು ಒಪ್ಪಿಗೆಯಾಗದವನು 18ನೆಯ ಕಲಮಿನ ಪ್ರಕಾರ ನ್ಯಾಯಾಲಯಕ್ಕೆ ಹೋಗಬಹುದಾಗಿದ್ದಿತು. ಆದರೆ ಅದಕ್ಕೆ ವಾಯಿದೆ ಇದ್ದಿತು. ಓದುಬರಹ ಬಲ್ಲವನು ವಕೀಲರನ್ನು ಹಿಡಿದು ಹೆಚ್ಚಿನ ಪರಿಹಾರವನ್ನು ಕೇಳಿದನು. ಹೆಬ್ಬೆಟ್ಟೊತ್ತಿದವನು ಕೊಟ್ಟುದನ್ನು ಕಟ್ಟಿಕೊಂಡು ಬಂದನು. ಒಂದೇ ಬದುವಿನ ಎರಡು ಮಗ್ಗುಲ ಹೊಲಗಳಿಗೆ ಎರಡು ಬೆಲೆಯಾಗಲು ಹೀಗೆ ದಾರಿಯಾಯಿತು.

ಇದಕ್ಕಿಂತ ಮನಕ್ಕೆ ನಾಟುವ ಮಾತು ಆ ಕಾಯಿದೆಯ 24ನೆಯ ಕಲಮಿನಲ್ಲಿದ್ದಿತು. ಭೂಮಿಯನ್ನು ಬಿಟ್ಟುಕೊಡಲು ಒಡೆಯನಿಗೆ ಇರುವ ಮನಸ್ಸಿಲ್ಲದಿಕೆಯನ್ನು ಪರಿಹಾರದ ಲೆಕ್ಕದಲ್ಲಿ ಹಿಡಿಯತಕ್ಕದ್ದಲ್ಲವೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಲ್ಪಟ್ಟಿದ್ದಿತು. ಎಕರೆ ಗುಂಟೆಗಳನ್ನು ಅಳೆಯಬಹುದು. ಬಾವಿಯನ್ನೂ ಗಿಡಮರಗಳನ್ನೂ ಎಣಿಸಬಹುದು. ಮನೆಯ ಗೋಡೆ ತೊಲೆಗಳಿಗೆ ಬೆಲೆ ಕಟ್ಟಬಹುದು. ಅಜ್ಜನು ಕಲ್ಲು ಆರಿಸಿ ಹಸನು ಮಾಡಿದ ಹೊಲವೆಂಬ ಪ್ರೀತಿಗೆ ಯಾವ ಕಾಲಮೂ ಇರಲಿಲ್ಲ. ಲಿಂಗವಂತರಿಗಂತೂ ಮಣ್ಣಿನ ಸಂಬಂಧವು ಜೀವನದೊಡನೆ ಮುಗಿಯುವದಿಲ್ಲ. ಲಿಂಗೈಕ್ಯರಾದ ಹಿರಿಯರನ್ನು ಸುಡದೆ ಸಮಾಧಿಗೈಯುವದು ಈ ಧರ್ಮದ ಆಚಾರ; ಅನೇಕರ ಹಿರಿಯರು ತಂತಮ್ಮ ಹೊಲಗಳಲ್ಲಿಯೇ ಮಲಗಿರುವರು. ಆ ಹೊಲವು ಮುಳುಗಿದಾಗ ಸಂತಾನದವರು ಕಳಕೊಂಡುದು ಬೆಳೆಯನ್ನಷ್ಟೇ ಅಲ್ಲ, ಅಮವಾಸ್ಯೆಗೆ ಎಡೆಯಿಟ್ಟು ಕೈಮುಗಿಯುತ್ತಿದ್ದ ಗದ್ದುಗೆಯನ್ನೂ ಕಳಕೊಂಡರು. ಬಸವಸಾಗರದ ಹಿನ್ನೀರು ಕೂಡಲಸಂಗಮವನ್ನು ಸುತ್ತಿದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಎತ್ತರವಾದ ಗೋಡೆಯನ್ನು ಕಟ್ಟಿ, ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಏರ್ಪಾಡು ಮಾಡಿದುದು ಸ್ತುತ್ಯವಾದ ಕಾರ್ಯ. ಆದರೆ ಹಳ್ಳಿಹಳ್ಳಿಯ ಹೆಸರಿಲ್ಲದ ಗದ್ದುಗೆಗಳಿಗೆ ಅಂಥ ಗೋಡೆ ಯಾರು ಕಟ್ಟಬೇಕು?

ಉತಾರೆಯಲ್ಲಿ ಹೆಸರಿಲ್ಲದವರ ಪಾಡು ಇನ್ನೂ ಹೀನವಾಯಿತು. ಊರೆಂದರೆ ಹೊಲದ ಒಡೆಯರ ಗುಂಪಲ್ಲ. ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ನಾವಿಂದ, ಜಂಗಮ, ಹೊಲದ ಕೂಲಿಕಾರ ಇವರೆಲ್ಲ ಸುಗ್ಗಿಯ ಕಣದಲ್ಲಿ ಆಯ ಪಡೆದು ಬಾಳುತ್ತಿದ್ದರು. ಹೊಲ ಹೋದೊಡನೆ ಕಣವು ಹೋಯಿತು. ಕಣ ಹೋದೊಡನೆ ಇವರ ಕಾಯಕವೂ ಹೋಯಿತು. ಇವರಿಗೆ ಮನೆಯ ಬೆಲೆಯೂ ಪುನರ್ವಸತಿ ಕೇಂದ್ರದಲ್ಲಿ ಒಂದು ನಿವೇಶನವೂ ದೊರೆತಿರಬಹುದು. ಕಾಯಕಕ್ಕೆ ಬೆಲೆ ಕಟ್ಟಿದವರಿಲ್ಲ. ಹೊಲದ ಒಡೆಯನಿಗೆ ಬಂದ ರೊಕ್ಕವಾದರೂ ಎಷ್ಟು ದಿನ ನಿಂತಿತು? ಭೂಮಿಯು ವರುಷಕ್ಕೊಮ್ಮೆ ಕೊಡುವದಾದುದರಿಂದ ಒಕ್ಕಲಿಗನಿಗೆ ತಾಳ್ಮೆಯನ್ನು ಕಲಿಸುವದು; ಒಮ್ಮೆಲೆ ಬಂದ ರೊಕ್ಕವು ಆ ತಾಳ್ಮೆಯನ್ನು ಕೆಡಿಸುವದು. ಅಣ್ಣತಮ್ಮಂದಿರ ಪಾಲು, ಮಕ್ಕಳ ಮದುವೆ, ಹಳೆಯ ಸಾಲ, ಹೊಸ ಮನೆ ಇವುಗಳಲ್ಲಿ ಪರಿಹಾರವು ಹಂಚಿಹೋದರೆ, ಹೊಲದ ಬದಲಿಗೆ ಹೊಲ ಕೊಳ್ಳಲು ಉಳಿಯುವದೇನು?

ಹಾಗಾದರೆ ಈ ಜನರು ಲೋಕಹಿತಕ್ಕೆ ಹಿಂದೆಗೆಯುವವರೇ? ಅಲ್ಲವೆಂಬುದಕ್ಕೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯೇ ಸಾಕ್ಷಿ. 1989ರಲ್ಲಿ ಅಲ್ಲಿಯ ಕೃಷ್ಣಾತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸರಕಾರದ ದಾರಿ ಕಾಯದೆ, ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ ನದಿಗೆ ಬಾಂದಾರು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರಾಯಿತು. ಯಾರ ಬಲವಂತವೂ ಇಲ್ಲದೆ ಇದೇ ಜನರು ರೊಕ್ಕವನ್ನೂ ಬೆವರನ್ನೂ ಧಾರೆಯೆರೆದರು. ಏಕೆಂದರೆ ಆ ಕಾರ್ಯವನ್ನು ನಿಶ್ಚಯಿಸಿದವರು ಅವರೇ. ಅದರ ಫಲವನ್ನು ಕಣ್ಣಾರೆ ಕಂಡವರೂ ಅವರೇ. ಸ್ವಾಧೀನಕ್ಕೂ ದಾಸೋಹಕ್ಕೂ ಇರುವ ಭೇದವೆಲ್ಲ ಇಷ್ಟರಲ್ಲಿಯೇ ಅಡಗಿರುವದು. ಕೇಳಿ ಪಡೆದರೆ ಅದು ದಾನ. ಕೇಳದೆ ಕೊಂಡರೆ, ಎಷ್ಟು ಬೆಲೆ ಕೊಟ್ಟರೂ, ಅದು ಋಣ.

ಕಾಯಿದೆಯೂ ತಡವಾಗಿಯಾದರೂ ಈ ಸತ್ಯದ ಕಡೆಗೆ ತಿರುಗಿತು. 1894ರ ಕಾಯಿದೆಯನ್ನು ತೆಗೆದು ಹಾಕಿ ಮಾಡಿದ 2013ರ ಕಾಯಿದೆಯು 2014ರ ಜನೇವರಿ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಹೆಚ್ಚಿನ ಮೊತ್ತವು ಶೇಕಡಾ 100 ಆಯಿತು; ಭೂಮಿಯಿಲ್ಲದೆ ಅದೇ ಊರಲ್ಲಿ ದುಡಿದು ಬಾಳುವವರನ್ನೂ ಬಾಧಿತರೆಂದು ಎಣಿಸಲಾಯಿತು; ನೀರಾವರಿಯ ಯೋಜನೆಗಳಲ್ಲಿ ನೆಲ ಕಳಕೊಂಡ ಕುಟುಂಬಕ್ಕೆ ಸಾಧ್ಯವಿದ್ದ ಮಟ್ಟಿಗೆ ನೀರು ಹರಿಯುವ ಪ್ರದೇಶದಲ್ಲಿ ಕನಿಷ್ಠ 1 ಎಕರೆ ಕೊಡಬೇಕೆಂದು ಹೇಳಲಾಯಿತು; ಹೊಸ ಊರಿನಲ್ಲಿ ಇರತಕ್ಕ ಅನುಕೂಲತೆಗಳ ಯಾದಿಯಲ್ಲಿ ರುದ್ರಭೂಮಿಯೂ ಸೇರಿತು.

ಈ ವಿಚಾರವು ಕೇವಲ ಗತಕಾಲದ್ದಲ್ಲ. 2010ರ ದಶಂಬರದಲ್ಲಿ ಎರಡನೆಯ ನ್ಯಾಯಾಧಿಕರಣವು ಆಲಮಟ್ಟಿಯ ನೀರನ್ನು 524.256 ಮೀಟರಿನ ವರೆಗೆ ನಿಲ್ಲಿಸಲು ಒಪ್ಪಿತು. 2025ರ ಸಪ್ಟಂಬರದಲ್ಲಿ ರಾಜ್ಯದ ಮಂತ್ರಿಮಂಡಲವು ಮೂರನೆಯ ಹಂತಕ್ಕಾಗಿ ಭೂಮಿಯ ದರಗಳನ್ನು ನಿಶ್ಚಯಿಸಿತು: ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ. ಬೇಕಾದ ಒಟ್ಟು ಭೂಮಿ 1,33,867 ಎಕರೆ. ಅದರಲ್ಲಿ ಮುಳುಗುವದು 75,563 ಎಕರೆ. ದರವು ಹಿಂದಿನವರು ಕನಸಿನಲ್ಲಿಯೂ ಕಾಣದಷ್ಟು ದೊಡ್ಡದು. ಆದರೆ ರೊಕ್ಕವು ದೊಡ್ಡದಾದಷ್ಟೂ ಅದು ಜಾರಿಹೋಗುವ ಭಯವೂ ದೊಡ್ಡದಾಗುವದು. ಎಲ್ಲರೂ ಒಮ್ಮೆಲೆ ಹೊಲ ಕೊಳ್ಳಹೊರಟರೆ ಸುತ್ತಲಿನ ಭೂಮಿಯ ಬೆಲೆಯು ಏರದೆ ಇರುವದೇ?

ಇಲ್ಲಿ ಮಠಗಳ ಕರ್ತವ್ಯವು ಎದುರಾಗುವದು. ಹಳೆಯ ಕಾಯಿದೆಯು ಕಠಿಣವಾಗಿದ್ದರೂ ಅದರ 32ನೆಯ ಕಲಮಿನಲ್ಲಿ ಒಂದು ವಿವೇಕದ ಮಾತಿದ್ದಿತು: ಪರಭಾರೆ ಮಾಡುವ ಅಧಿಕಾರವಿಲ್ಲದವರ ಭೂಮಿಯ ಪರಿಹಾರವು ನ್ಯಾಯಾಲಯದಲ್ಲಿ ಠೇವಿಯಾಗಿದ್ದರೆ, ಅದರಿಂದ ಬೇರೆ ಭೂಮಿಯನ್ನು ಕೊಂಡು ಮೊದಲಿನ ಹಕ್ಕಿನಿಂದಲೇ ಹಿಡಿಯತಕ್ಕದ್ದು. ಧರ್ಮಾದಾಯದ ಭೂಮಿಯು ಹೋದರೆ ಮತ್ತೆ ಭೂಮಿಯೇ ಆಗಬೇಕೆಂಬ ಈ ನೀತಿಯು ಒಕ್ಕಲಿಗನ ಮನೆಗೂ ಒಪ್ಪುವಂಥದು. ಅವನ ಹೊಲವೂ ಅವನೊಬ್ಬನದಲ್ಲ, ಬರುವ ಪೀಳಿಗೆಯದು. ಸಂಪತ್ತನ್ನು ಕರಗದ ರೂಪಕ್ಕೆ ತಿರುಗಿಸುವ ವಿದ್ಯೆಯು ಈ ಸಮಾಜಕ್ಕೆ ಹೊಸದಲ್ಲ. 1906ರಲ್ಲಿ ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗಾಗಿ ಬರೆದಿಟ್ಟು ಹೋದರು. ಅದೇ ವರುಷ ಬಿಳೂರು ಗುರುಬಸವ ಮಹಾಸ್ವಾಮಿಗಳ ಪ್ರೇರಣೆಯಿಂದ ಬಾಗಲಕೋಟೆಯಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿ, ಭಕ್ತರ ಕಾಣಿಕೆಯು ಶಾಲೆ ಕಾಲೇಜುಗಳಾಗಿ ಬೆಳೆಯಿತು. ಪರಿಹಾರ ಪಡೆದವನಿಗೆ ಹಿತವಾದ ಬುದ್ಧಿಯನ್ನು ಹೇಳುವದು, ಹೆಬ್ಬೆಟ್ಟಿನವನಿಗೆ ಕಾಗದ ಓದಿ ತಿಳಿಸುವದು, ಊರು ಚದುರದೆ ಒಂದಾಗಿ ನೆಲೆಸುವಂತೆ ನೋಡುವದು, ಮುಳುಗಿದ ಗದ್ದುಗೆಗಳ ಹೆಸರುಗಳನ್ನಾದರೂ ಬರೆದಿಡುವದು, ಉತಾರೆಯಿಲ್ಲದ ಕಾಯಕದವರ ಪರವಾಗಿ ಸರಕಾರದ ಮುಂದೆ ಮಾತಾಡುವದು, ಇವೆಲ್ಲವೂ ಇಂದಿನ ಜಂಗಮಕಾರ್ಯವೇ ಆಗಿರುವವು.

ಕೆಳನಾಡಿನ ಕಾಲುವೆಯಲ್ಲಿ ಕೃಷ್ಣೆಯ ನೀರು ಹರಿದು ತೊಗರಿ ಭತ್ತಗಳು ಬೆಳೆಯಲಿ. ಬರಗಾಲವನ್ನು ಕಂಡ ನಾಡು ಅದನ್ನು ಬೇಡವೆನ್ನಲಾರದು. ಆದರೆ ಆ ಅನ್ನವನ್ನು ಉಣ್ಣುವವರು, ತಮ್ಮ ಹೊಲಕ್ಕೆ ಬಂದ ನೀರು ಮತ್ತೊಬ್ಬರ ಹೊಲದ ಮೇಲೆ ನಿಂತು ಬಂದುದೆಂಬುದನ್ನು ನೆನೆಯಬೇಕು. ನೆಲವನ್ನು ಬಿಟ್ಟವರಿಗೆ ನೆಲವೂ, ಕಾಯಕವನ್ನು ಬಿಟ್ಟವರಿಗೆ ಕಾಯಕವೂ, ಗದ್ದುಗೆಯನ್ನು ಬಿಟ್ಟವರಿಗೆ ಗೌರವವೂ ತಿರುಗಿ ದೊರೆತ ದಿನ ಕೊಂಡ ಭೂಮಿಯು ಕೊಟ್ಟ ಭೂಮಿಯಾಗುವದು. ಅಲ್ಲಿಯ ವರೆಗೆ ಈ ಋಣವು ನಾಡಿನ ಮೇಲೆ ಇದ್ದೇ ಇರುವದು.