ಒಂದು ‘ಅಥವಾ’ದ ಅರ್ಥ: 1937ರ ಅಮೆರಿಕದ ಕ್ಯಾನ್ಸರ್ ಶಾಸನದಲ್ಲಿ ರೇಡಿಯಂ ಎರವಲಿನ ವಿಧಿ

ಅಮೆರಿಕದಲ್ಲಿ ಕ್ಯಾನ್ಸರಿನ ನಿವಾರಣೆಗೆಂದು ರಾಜ್ಯದ ಬೊಕ್ಕಸ ತೆರೆದದ್ದು 1971ರ ಡಿಸೆಂಬರ್ 23ರಂದು ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದ ಶಾಸನದಿಂದ ಎಂಬ ಜನಪ್ರಿಯ ಮತವನ್ನು ಖಂಡಿಸಲು ಹೆಚ್ಚಿನ ಶ್ರಮ ಬೇಡ. ಆ ಶಾಸನದ ಶೀರ್ಷಿಕೆಯೇ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯನ್ನು ‘ಬಲಪಡಿಸುವ’ ಮಾತನ್ನಾಡುವುದರಿಂದ, ಸಂಸ್ಥೆಯು ತತ್ಪೂರ್ವದಲ್ಲಿಯೇ ಇದ್ದಿತೆಂಬುದು ಸ್ವತಃಸಿದ್ಧ. ನನ್ನ ವಿವಾದವಿರುವುದು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪಕ್ಷದೊಡನೆ. 1937ರ ಆಗಸ್ಟ್ 5ರಂದು ರೂಸ್‌ವೆಲ್ಟರ ಅಂಕಿತ ಪಡೆದ ಮೂಲಶಾಸನವನ್ನು ಚೆನ್ನಾಗಿ ಬಲ್ಲವರೇ, ಅದು ಕೇವಲ ಸಂಶೋಧನೆಗೆ ಬಿಟ್ಟ ದತ್ತಿಯೆಂದೂ ರೋಗಿಯ ಚಿಕಿತ್ಸೆಯು ಅದರ ಕಕ್ಷೆಗೆ ಹೊರಗಾದುದೆಂದೂ ಒಬ್ಬರ ಬೆನ್ನಿಗೆ ಒಬ್ಬರು ಬರೆಯುತ್ತ ಬಂದಿದ್ದಾರೆ.

ಈ ಪ್ರಮಾದದ ಮೂಲ ಶೀರ್ಷಿಕೆಯಲ್ಲಿದೆ. ಸಂಶೋಧನೆಯನ್ನು ಒದಗಿಸುವುದು, ಪೋಷಿಸುವುದು, ಸಮನ್ವಯಗೊಳಿಸುವುದು ಎಂಬ ಉದ್ದೇಶಗಳನ್ನು ಸಾರಿದ ಬಳಿಕ ಅದು ‘ಇತರ ಪ್ರಯೋಜನಗಳಿಗಾಗಿಯೂ’ ಎಂದು ಮುಗಿಯುತ್ತದೆ. ಆ ಇತರ ಪ್ರಯೋಜನಗಳು ಯಾವುವೆಂದು ಕೇಳುವ ತಾಳ್ಮೆ ನಮ್ಮ ಹಿರಿಯರಿಗೆ ಇರಲಿಲ್ಲ. ಕಲ್ಬರಹವನ್ನು ಓದುವಾಗ ಮಂಗಳಶ್ಲೋಕದಲ್ಲಿಯೇ ನಿಂತುಬಿಡದೆ, ಏನನ್ನು, ಯಾರಿಗೆ, ಯಾವ ಕಾರ್ಯಕ್ಕೆ ಬಿಟ್ಟರೆಂಬ ದತ್ತಿಭಾಗದವರೆಗೆ ಬೆರಳಿಟ್ಟು ಹೋಗಬೇಕೆಂದು ನನಗೆ ಲಿಪಿಯನ್ನು ಕಲಿಸಿದ ಗುರುಗಳು ಹೇಳುತ್ತಿದ್ದರು. ವಾಷಿಂಗ್ಟನ್ನಿನ ಶಾಸನಕ್ಕೂ ಆ ವಿಧಾನವೇ ಯುಕ್ತವೆಂದು ನಾನು ನಂಬಿದ್ದೇನೆ.

ದತ್ತಿಭಾಗದಲ್ಲಿ ವರ್ಷಕ್ಕೆ 7,00,000 ಡಾಲರುಗಳ ಮಿತಿಯ ಜೊತೆಗೆ ರೇಡಿಯಂ ಕುರಿತ ವಿಧಿಯೊಂದುಂಟು. ಸರ್ಜನ್ ಜನರಲನು ರೇಡಿಯಮನ್ನು ಕೊಳ್ಳಬಹುದು, ಬಳಸಬಹುದು, ತಾನು ವಿಧಿಸಿದ ನಿಬಂಧನೆಗಳ ಮೇಲೆ ಸಂಸ್ಥೆಗಳಿಗೆ ಎರವಲು ಕೊಡಬಹುದು; ಯಾವುದಕ್ಕೆಂದರೆ, ಕ್ಯಾನ್ಸರಿನ ಕಾರಣ, ನಿವಾರಣೆ, ನಿದಾನ ಮತ್ತು ಚಿಕಿತ್ಸಾವಿಧಾನಗಳ ಅಧ್ಯಯನಕ್ಕೆ, ಅಥವಾ ಕ್ಯಾನ್ಸರಿನ ಚಿಕಿತ್ಸೆಗೆ.

ಎರವಲು ಸಂಶೋಧನೆಯ ಉಪಾಂಗವೆಂದೂ, ಇಲ್ಲಿ ‘ಚಿಕಿತ್ಸೆ’ ಎಂಬುದು ಪ್ರಾಯೋಗಿಕ ಚಿಕಿತ್ಸೆಯೆಂದೂ ಪ್ರತಿಪಕ್ಷಿಗಳ ಸಮಾಧಾನ. ಇದನ್ನು ಒಪ್ಪಲಾರೆ. ಚಿಕಿತ್ಸಾವಿಧಾನಗಳ ಅಧ್ಯಯನವು ‘ಅಥವಾ’ದ ಹಿಂದೆಯೇ ಉಕ್ತವಾಗಿದೆ, ‘ಅಥವಾ’ದ ಮುಂದೆ ಬರುವ ಚಿಕಿತ್ಸೆಯೂ ಅದೇ ಆಗಿದ್ದರೆ ವಾಕ್ಯಕ್ಕೆ ಪುನರುಕ್ತಿದೋಷ ತಪ್ಪದು. ಪದಕ್ಕೆ ಸಾರ್ಥಕವಾದ ಅರ್ಥವು ಲಭ್ಯವಿರುವಾಗ ಅದನ್ನು ವ್ಯರ್ಥವೆಂದು ತಳ್ಳುವುದು ವ್ಯಾಖ್ಯಾನಧರ್ಮವಲ್ಲ. ಆದುದರಿಂದ ಎರಡನೆಯ ‘ಚಿಕಿತ್ಸೆ’ಯ ವಿಷಯ ವ್ರಣದಿಂದ ನರಳುತ್ತಿರುವ ಮನುಷ್ಯನೇ.

ವಸ್ತುಸ್ಥಿತಿಯೂ ಈ ಅರ್ಥಕ್ಕೆ ಅನುಕೂಲವಾಗಿದೆ. 1921ರಲ್ಲಿ ಮೇರಿ ಕ್ಯೂರಿಯವರಿಗೆ ಅರ್ಪಿಸಲು ಅಮೆರಿಕದ ಮಹಿಳೆಯರು ಒಂದೇ ಒಂದು ಗ್ರಾಂ ರೇಡಿಯಮಿಗಾಗಿ 1,00,000 ಡಾಲರುಗಳನ್ನು ಕೂಡಿಸಬೇಕಾಯಿತು. ಬಳಿಕ ಬೆಲೆ ಇಳಿದರೂ ಅದು ಸಾಮಾನ್ಯ ಆಸ್ಪತ್ರೆಯ ಕೈಗೆ ಎಟುಕುವಂತಿರಲಿಲ್ಲ. ಆದರೆ ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಒಬ್ಬ ರೋಗಿಗೆ ಬಳಸಿದ ನಳಿಕೆ ಸವೆಯದೆ ಮರಳಿ ಇನ್ನೊಬ್ಬನಿಗೆ ಒದಗುತ್ತದೆ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ನಂದಾದೀಪವನ್ನು ನಡೆಸುವಂತೆ ನಮ್ಮ ಪೂರ್ವಿಕರು ಬಿಟ್ಟ ಅಕ್ಷಯನಿಧಿಗೆ ಇದಕ್ಕಿಂತ ಸಮೀಪವಾದ ದ್ರವ್ಯ ಬೇರೊಂದಿಲ್ಲ. ಸಂಸ್ಥೆಯು ತನ್ನ ಆರಂಭದ ದಿನಗಳಲ್ಲಿಯೇ 2,00,000 ಡಾಲರುಗಳಿಗೆ 9.5 ಗ್ರಾಂ ರೇಡಿಯಮನ್ನು ಕೊಂಡು ಆಸ್ಪತ್ರೆಗಳಿಗೆ ಎರವಲಾಗಿ ಹಂಚಿತು. ಚಿಕಿತ್ಸೆ ತನ್ನ ಕಕ್ಷೆಗೆ ಹೊರಗೆಂದು ಬಗೆದ ಸರ್ಕಾರ ಹೀಗೆ ನಡೆದುಕೊಳ್ಳುತ್ತಿರಲಿಲ್ಲ.

ನನ್ನ ಪ್ರತಿಜ್ಞೆಗೂ ಮಿತಿಯುಂಟು. ಹಾಸಿಗೆಯ ವೆಚ್ಚವನ್ನಾಗಲಿ ವೈದ್ಯರ ಸಂಭಾವನೆಯನ್ನಾಗಲಿ ಆ ವಿಧಿ ಹೊತ್ತಿಲ್ಲ. ರೇಡಿಯಂ ಇದ್ದೂ ಬಡವನಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿರಬಹುದಾಗಿದ್ದಿತು. ಆದರೂ 1927ರಲ್ಲಿ ಸೆನೆಟರ್ ನೀಲಿಯವರು ಕ್ಯಾನ್ಸರಿಗೆ ಮದ್ದು ಕಂಡುಹಿಡಿದವನಿಗೆ 50,00,000 ಡಾಲರುಗಳ ಬಹುಮಾನ ಸೂಚಿಸಿದಾಗ ರಾಜ್ಯದ ದೃಷ್ಟಿಯೆಲ್ಲ ಬರಲಿರುವ ಶೋಧಕನ ಮೇಲೆ ನೆಟ್ಟಿದ್ದಿತು. ಹತ್ತೇ ವರ್ಷದಲ್ಲಿ ಅದು ಅಂದು ನರಳುತ್ತಿದ್ದವನ ಕಡೆಗೂ ಹೊರಳಿತು. ಸರ್ಕಾರದ ಹಣ ಮೊದಲು ಶೋಧಕನದು, ಉಳಿದರೆ ರೋಗಿಯದು ಎಂಬ ಕ್ರಮವನ್ನು ಇಂದಿನ ಆಯವ್ಯಯಚರ್ಚೆಗಳಲ್ಲಿ ಸನಾತನ ಸಂಪ್ರದಾಯವೆಂಬಂತೆ ಮಂಡಿಸುವವರು ಆ ವಾಕ್ಯವನ್ನು ಕೊನೆಯ ಪದದವರೆಗೆ ಓದಬೇಕೆಂದು ನನ್ನ ಪ್ರಾರ್ಥನೆ. ಮೂಲಶಾಸನವು ಇಬ್ಬರನ್ನೂ ಒಂದೇ ವಿಧಿಯಲ್ಲಿ, ‘ಅಥವಾ’ದ ಎರಡು ಮಗ್ಗುಲಲ್ಲಿ ಕೂರಿಸಿದೆ.